ಸೀಟಿ ಸಾರ್ ಅವರ ಹೆಮ್ಮೆಯ ಶಿಷ್ಯ

ಫೆಬ್ರವರಿ 4

ಅಣ್ಣಾ,

ಮೊದಲು ಕೈಯಲ್ಲಿರುವ ರಿಪೇರಿಯ ಗಡಿಯಾರ ಕೆಳಗಿಡು, ಆಮೇಲೆ ಓದು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಹೂಂ, ಹೂಂ’ ಎಂದು ಮುಗಿಸಿಬಿಡುತ್ತೀಯ. ಕಾಗದಕ್ಕಾದರೆ ಉತ್ತರ ಬರೆಯಲೇಬೇಕು.

ಹೊಸ ಕೆಲಸ ಹೇಗಿದೆ ಎಂದು ಕೇಳಿದ್ದೆಯಲ್ಲ. ಮಕ್ಕಳಿಗೆ ಬೇಸ್‌ಬಾಲ್ ಕಲಿಸುವ ಅಕಾಡೆಮಿ, ಬಾಗಿಲ ಪಕ್ಕದ ಮೇಜು ನನ್ನದು. ಫೋನ್ ಎತ್ತಬೇಕು, ಕಳೆದುಹೋದ ಗ್ಲೌಸ್ ಹುಡುಕಿಕೊಡಬೇಕು, ಮಗನನ್ನು ಮುಂದಿನ ತಿಂಗಳೊಳಗೆ ದೊಡ್ಡ ಆಟಗಾರ ಮಾಡಿಕೊಡಿ ಎನ್ನುವ ಅಪ್ಪಂದಿರಿಗೆ ನಗುನಗುತ್ತ ಕುರ್ಚಿ ತೋರಿಸಬೇಕು. ಇದರ ಜೊತೆಗೆ ಕೋಚ್‌ಗಳ ಪರಿಚಯ ಬರೆಯುವ ಕೆಲಸವೂ ನನ್ನ ತಲೆಗೇ ಬಿದ್ದಿದೆ. ಒಳಗೆ ಬಂದ ಕೂಡಲೇ ಕಾಣುವ ಗೋಡೆಯಲ್ಲಿ ಒಬ್ಬೊಬ್ಬರ ಫೋಟೊ, ಅದರ ಕೆಳಗೆ ಅವರು ಎಲ್ಲಿ ಆಡಿದರು, ಯಾರನ್ನು ತಯಾರು ಮಾಡಿದರು ಎಂಬ ಫಲಕ. ಅವರು ನನ್ನೆದುರು ಕೂತು ತಮ್ಮ ಕಥೆ ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ.

ಒಬ್ಬೊಬ್ಬರದು ಒಂದೊಂದು ಪುರಾಣ. ಬ್ಯಾಟಿಂಗ್ ಕಲಿಸುವವರು ‘ದೊಡ್ಡ ತಂಡದ ಜೊತೆ ಮೂರು ವರ್ಷ’ ಎಂದರು. ಬಿಡಿಸಿ ಕೇಳಿದರೆ ತಂಡದ ಬಸ್ಸಿಗೆ ಸಾಮಾನು ಏರಿಸುತ್ತಿದ್ದರಂತೆ. ಓಟ ಕಲಿಸುವವನು ಒಂದೇ ಒಂದು ಮ್ಯಾಚು ಆಡಿದ್ದಾನೆ, ಅದೂ ಮಳೆ ಬಂದು ಅರ್ಧಕ್ಕೆ ನಿಂತದ್ದು. ಸತ್ಯ ಹೇಳಿದವನು ಮಂಡಿ ಮಾಮ ಒಬ್ಬನೇ. ಹಿಂದೆ ಕ್ಯಾಚರ್ ಆಗಿದ್ದವನು, ವರ್ಷಗಟ್ಟಲೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿದು ಎರಡೂ ಮಂಡಿ ಕೆಟ್ಟಿವೆ, ಬೆಳಿಗ್ಗೆ ಶಾಲೆಯ ವ್ಯಾನ್ ಓಡಿಸುತ್ತಾನೆ. ‘ನನ್ನ ಬಗ್ಗೆ ಏನೂ ಬರೀಬೇಡಿ, ಮಂಡಿ ನೋಯ್ತದೆ ಅಂತ ಬರೀರಿ ಸಾಕು’ ಎಂದ. ಮಕ್ಕಳಿಗೆ ಅವನೆಂದರೆ ಪ್ರಾಣ.

ನಿನ್ನೆ ಹೊಸ ಮುಖ್ಯ ಕೋಚ್ ಬಂದರು. ಅಂಗಳದಲ್ಲಿ ಗಲಾಟೆ ಮಾಡುತ್ತಿದ್ದ ಮಕ್ಕಳನ್ನು ನೋಡಿ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದರು. ಅದನ್ನು ಕೇಳಿದ್ದೇ ತಡ, ಎತ್ತಿದ್ದ ಫೋನನ್ನು ಹಾಗೇ ಇಟ್ಟುಬಿಟ್ಟೆ. ಹೌದು ಅಣ್ಣಾ, ಅವರೇ. ನಿನಗೆ ಆಟ ಕಲಿಸಿದ ಸೀಟಿ ಸಾರ್. ಕೂದಲು ಬೆಳ್ಳಗಾಗಿದೆ, ಠೀವಿ ಹಾಗೇ ಇದೆ. ನನ್ನ ಗುರುತು ಹತ್ತಲಿಲ್ಲ. ಹೇಗೆ ಹತ್ತೀತು? ಮೈದಾನದ ಅಂಚಿನಲ್ಲಿ ನಿನ್ನ ನೀರಿನ ಬಾಟಲಿ ಹಿಡಿದು ಕೂತಿರುತ್ತಿದ್ದ ಮೂಗು ಸೋರುವ ಹುಡುಗಿಯನ್ನು ಅವರು ಯಾವತ್ತು ಕಣ್ಣೆತ್ತಿ ನೋಡಿದ್ದರು!

ನನ್ನೆದುರು ಕಾಲ ಮೇಲೆ ಕಾಲು ಹಾಕಿ ಕೂತು ಹೇಳಿದರು: ‘ಬರ್ಕೊಳಮ್ಮ. ನನ್ನ ಹತ್ರ ಒಬ್ಬ ಹುಡುಗ ಇದ್ದ, ಹದಿನೈದು ವರ್ಷದೋನು. ಬಾಣ ಅಂತ ಕರೀತಿದ್ದೆ. ಎರಡೇ ದಿನದಲ್ಲಿ ಮೂರು ಮ್ಯಾಚು, ಮೂರರಲ್ಲೂ ಚೆಂಡು ಎಸೆದೋನು ಅವನೊಬ್ಬನೇ. ಮೂರೂ ಗೆದ್ವಿ. ಅಂಥ ಪಿಚರ್‌ನ ತಯಾರು ಮಾಡಿದೋನು ನಾನು.’

ಎಷ್ಟು ಹೆಮ್ಮೆಯಿಂದ ಹೇಳಿದರು ಗೊತ್ತಾ? ಒಂದು ಮ್ಯಾಚು ಎಸೆದ ಮಗುವಿಗೆ ನಾಲ್ಕೈದು ದಿನ ಚೆಂಡು ಮುಟ್ಟಿಸಬಾರದು ಎಂಬುದು ಮಂಡಿ ಮಾಮನಿಗೂ ಗೊತ್ತು. ಇವರು ಅದನ್ನೇ ದೊಡ್ಡ ಸಾಧನೆ ಎಂದು ಗೋಡೆಗೆ ಹಾಕಿಸುತ್ತಿದ್ದಾರೆ. ಆ ಹುಡುಗ ಆಮೇಲೆ ಏನಾದ ಎಂದು ಕೇಳಿದೆ. ಹೇಳದೆ ಕೇಳದೆ ಬಿಟ್ಟುಹೋದನಂತೆ. ಈಗಿನವರಿಗೆ ಉಪಕಾರಸ್ಮರಣೆ ಇಲ್ಲವಂತೆ.

ಮೈಯೆಲ್ಲ ಉರಿದುಹೋಯಿತು. ಅಮ್ಮ ಸಾಯುವ ತನಕ ನಿನ್ನ ಅಂಗಿಯ ಕುತ್ತಿಗೆಯ ಗುಂಡಿ ಹಾಕಿಕೊಡುತ್ತಿದ್ದುದನ್ನು ನೋಡಿದವಳು ನಾನು. ಈ ಮನುಷ್ಯನಿಗೆ ಏನಾದರೂ ಮಾಡದೆ ನನಗೆ ಸಮಾಧಾನವಿಲ್ಲ. ನನ್ನ ಮಗಳೂ ಇಲ್ಲಿಯೇ ಕಲಿಯುತ್ತಿದ್ದಾಳೆ, ಅವಳಿಗೂ ಎಸೆಯುವ ಹುಚ್ಚು. ಬೇಗ ಬರೆ.

ನಿನ್ನ
ಚಿನಕುರುಳಿ


ಫೆಬ್ರವರಿ 12

ಚಿನಕುರುಳಿಗೆ,

ಕಾಗದ ಓದಿದೆ. ಎರಡು ದಿನ ಅಂಗಡಿಯಲ್ಲಿ ಕೆಲಸ ಕೈಗೆ ಹತ್ತಲಿಲ್ಲ. ಒಬ್ಬರ ಗಡಿಯಾರಕ್ಕೆ ಇನ್ನೊಬ್ಬರ ಮುಳ್ಳು ಹಾಕಿ ಬೈಸಿಕೊಂಡೆ.

ಬಿಟ್ಟುಬಿಡು. ಇಪ್ಪತ್ತು ವರ್ಷದ ಮೇಲಾಯಿತು. ನನಗೆ ಕೈ ಅರ್ಧ ಮಡಚಿಕೊಂಡೇ ಮಾಡುವ ಕಸುಬು ಸಿಕ್ಕಿದೆ. ಕೂತು ಕೆಲಸ ಮಾಡುವಾಗ ನನ್ನ ಮೊಣಕೈ ನೆಟ್ಟಗೂ ಆಗುವುದಿಲ್ಲ, ಪೂರ್ತಿ ಮಡಚಲೂ ಬರುವುದಿಲ್ಲ ಎಂದು ಎದುರಿಗಿರುವವರಿಗೆ ಗೊತ್ತೇ ಆಗುವುದಿಲ್ಲ. ಅಷ್ಟು ಸಾಕು.

ಮಗಳನ್ನು ಅವರ ಗುಂಪಿಗೆ ಹಾಕಬೇಡ. ಅದನ್ನು ಮಾತ್ರ ನೋಡಿಕೋ. ಉಳಿದದ್ದಕ್ಕೆ ನಿನಗೇಕೆ ಊರ ಉಸಾಬರಿ? ಹೊಸ ಕೆಲಸ, ಬಾಯಿ ಸ್ವಲ್ಪ ಹಿಡಿತದಲ್ಲಿರಲಿ.

ನಿನ್ನ
ಅಣ್ಣ


ಫೆಬ್ರವರಿ 21

ಅಣ್ಣಾ,

ಊರ ಉಸಾಬರಿಯಂತೆ! ನಿನ್ನ ಕೈ ಊರಿನದಾ? ನೀನು ಒಳ್ಳೆಯವನು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದನ್ನು ಕೇಳಿ ಕೇಳಿ ಸಾಕಾಗಿದೆ.

ಅಕಾಡೆಮಿಯ ಯಜಮಾನರ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಆ ಹುಡುಗ ನನ್ನಣ್ಣ ಎಂದೂ ಹೇಳಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತ, ಆಟ ಎಂದಮೇಲೆ ಪೆಟ್ಟಾಗುತ್ತದೆ, ಮೂರು ಮ್ಯಾಚು ಗೆದ್ದದ್ದಂತೂ ನಿಜವಲ್ಲವೇ, ಅಪ್ಪ ಅಮ್ಮಂದಿರಿಗೆ ಬೇಕಾದದ್ದು ಅದೇ ಎಂದರು. ಎಸೆಯುವವರ ಗುಂಪಿಗೆ ಇನ್ನು ಮೇಲೆ ಸೀಟಿ ಸಾರ್ ಒಬ್ಬರೇ ಅಂತೆ. ಮಂಡಿ ಮಾಮನನ್ನು ಚೆಂಡು ಎಣಿಸುವ ಕೆಲಸಕ್ಕೆ ಹಾಕಿದ್ದಾರೆ.

ಮಗಳನ್ನು ಆ ಗುಂಪಿನಿಂದ ಬಿಡಿಸುತ್ತೇನೆ ಎಂದರೆ ಅವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೊನ್ನೆ ಊಟಕ್ಕೆ ಕೂತಾಗ ಎಡಗೈಯಲ್ಲಿ ಚಮಚ ಹಿಡಿದಿದ್ದಳು. ಏನೇ ಎಂದು ಕೇಳಿದರೆ, ನಕ್ಕು ಹೇಳುತ್ತಾಳೆ: ‘ನೋವು ಬಂದ್ರೆ ಕೈ ಬೆಳೀತಿದೆ ಅಂತ ಅರ್ಥ ಅಮ್ಮಾ. ಸಾರ್ ಹೇಳಿದ್ರು.’

ಆ ಮಾತು ನೀನು ನಮ್ಮ ಅಮ್ಮನಿಗೆ ಹೇಳಿದ್ದನ್ನು ಈ ಕಿವಿಯಲ್ಲೇ ಕೇಳಿದ್ದೇನೆ. ಒಂದಕ್ಷರ ಬದಲಾಗಿಲ್ಲ. ಮಾರನೇ ದಿನದಿಂದ ಅವಳನ್ನು ಮನೆಯಲ್ಲೇ ಕೂರಿಸಿದ್ದೇನೆ, ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ನನ್ನ ಮಗಳೊಬ್ಬಳನ್ನು ಬಿಡಿಸಿಕೊಂಡೆ, ಸರಿ. ಆ ಗುಂಪಿನಲ್ಲಿ ಉಳಿದವರು?

ಈಗ ಕೇಳು. ಇಲ್ಲಿ ಒಂದು ಪದ್ಧತಿ ಇದೆ. ಹೊಸ ಹಂಗಾಮು ಶುರುವಾಗುವ ದಿನ ಮುಖ್ಯ ಕೋಚ್ ತಮ್ಮ ಹಳೆಯ ಶಿಷ್ಯನೊಬ್ಬನನ್ನು ಕರೆಸಬೇಕು. ಅಪ್ಪ ಅಮ್ಮಂದಿರೆಲ್ಲ ಕೂತಿರುತ್ತಾರೆ, ಆ ಶಿಷ್ಯ ಪಿಚರ್ ನಿಲ್ಲುವ ಮಣ್ಣಿನ ದಿಬ್ಬದ ಮೇಲೆ ನಿಂತು ಮೊದಲ ಚೆಂಡು ಎಸೆಯಬೇಕು. ನಿನ್ನೆ ಸೀಟಿ ಸಾರ್ ನನ್ನ ಮೇಜಿನ ಹತ್ತಿರ ಬಂದರು. ತಮ್ಮ ಬಾಣವನ್ನು ಹುಡುಕಿಕೊಡಬೇಕಂತೆ. ನನಗೆ! ನಾನೂ ಒಳ್ಳೆಯವಳ ಹಾಗೆ ‘ನೋಡ್ತೀನಿ ಸಾರ್, ಎಲ್ಲಿದ್ರೂ ಹುಡುಕ್ತೀನಿ’ ಎಂದೆ. ನಾನು ಯಾರೆಂದು ಯಜಮಾನರು ಅವರಿಗೆ ಹೇಳಿಲ್ಲ. ಹೇಳಿದರೆ ತಮಗೇ ಇರಿಸುಮುರಿಸು.

ಅವರ ಫಲಕ ಬರೆದು ಮುಗಿಸಿದ್ದೇನೆ. ಒಂದು ಮಾತೂ ಸೇರಿಸಿಲ್ಲ, ಒಂದು ಮಾತೂ ಬಿಟ್ಟಿಲ್ಲ. ಎರಡು ದಿನ, ಮೂರು ಮ್ಯಾಚು, ಹದಿನೈದು ವರ್ಷ, ಒಬ್ಬನೇ ಪಿಚರ್. ಎಲ್ಲರದಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆಸಿದ್ದೇನೆ. ಅವರು ನೋಡಿ ಖುಷಿಪಟ್ಟರು.

ನೀನು ಬಂದು ನಿಂತರೆ ಸಾಕು ಅಣ್ಣಾ. ಬಾಯಿ ಬಿಡುವುದೂ ಬೇಡ.

ನಿನ್ನ
ಚಿನಕುರುಳಿ


ಮಾರ್ಚ್ 1

ಚಿನಕುರುಳಿಗೆ,

ಆ ದಿನ ನೀನು ಬಾಟಲಿ ಹಿಡಿದು ದೂರ ಕೂತಿದ್ದೆ, ನಿನಗೆ ಕೇಳಿರಲಾರದು. ಮೂರನೇ ಮ್ಯಾಚು ಇನ್ನೂ ಅರ್ಧ ಉಳಿದಿತ್ತು. ನಾನು ಸಾರ್ ಹತ್ತಿರ ಹೋಗಿ, ಮೊಣಕೈ ಒಳಗೆ ಏನೋ ಕಿತ್ತ ಹಾಗಾಗುತ್ತಿದೆ, ಇನ್ನು ಆಗಲ್ಲ ಎಂದೆ. ಮೆಲ್ಲಗೆ ಹೇಳಿದ್ದೆ, ಅವರೊಬ್ಬರಿಗೇ ಕೇಳುವಷ್ಟು. ಅವರು ಸೀಟಿ ಹೊಡೆದು ಎಲ್ಲ ಹುಡುಗರನ್ನೂ ಕರೆದರು. ‘ನೋಡ್ರೋ, ನಮ್ಮ ಬಾಣಕ್ಕೆ ಅಮ್ಮ ಬೇಕಂತೆ. ಯಾರಾದ್ರೂ ಹೋಗಿ ಕರ್ಕೊಂಡು ಬನ್ರೋ’ ಎಂದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆಮೇಲೆ ಹೋಗಿ ಉಳಿದದ್ದನ್ನು ಎಸೆದೆ.

ಮೂಳೆಯ ಚೂರು ಕಳಚಿದೆ ಎಂದು ಡಾಕ್ಟರು ಹೇಳಿದ್ದು, ಎರಡು ಸಲ ಕೊಯ್ದದ್ದು, ಕೈ ಇಷ್ಟೇ ಎಂದು ಕೊನೆಗೆ ಕೈಚೆಲ್ಲಿದ್ದು ನಿನಗೆ ಗೊತ್ತಿದೆ. ನನಗೆ ಅದೆಲ್ಲ ಹಾಳಾಗಲಿ ಎನ್ನಿಸುತ್ತದೆ. ನಾನೂ ನಕ್ಕೆನಲ್ಲ, ಅದನ್ನು ಮಾತ್ರ ಇವತ್ತಿಗೂ ಮರೆಯಲಾಗಿಲ್ಲ. ಬಿಟ್ಟುಬಿಡು ಎಂದು ನಿನಗೆ ಬರೆದಾಗ ನನಗೇ ಹೇಳಿಕೊಳ್ಳುತ್ತಿದ್ದೆ ಅನ್ನಿಸುತ್ತದೆ.

ಮಗು ಎಡಗೈಯಲ್ಲಿ ಚಮಚ ಹಿಡಿದದ್ದನ್ನು ನೀನು ಬರೆಯಬಾರದಿತ್ತು. ಈಗ ಬರೆದಾಯಿತು.

ಬರುತ್ತೇನೆ. ನನ್ನನ್ನು ಕರೆದುಕೊಂಡು ಹೋಗಲು ಬಸ್ ನಿಲ್ದಾಣಕ್ಕೆ ಬರಬೇಡ, ಅಲ್ಲಿ ನಿನ್ನ ಪರಿಚಯವೇ ನನಗಿಲ್ಲ ಎಂದಿಟ್ಟುಕೋ. ಅವರೇ ಕರೆಸಿದ್ದು, ಅವರ ಅತಿಥಿಯಾಗಿಯೇ ಬರುತ್ತೇನೆ.

ನಿನ್ನ
ಅಣ್ಣ


ಮಾರ್ಚ್ 17

ಅಣ್ಣಾ,

ನೀನು ಮೈದಾನದಿಂದ ನೇರ ಬಸ್ಸು ಹತ್ತಿ ಹೋಗಿಬಿಟ್ಟೆ. ನೀನು ದಿಬ್ಬದ ಮೇಲೆ ಜನರಿಗೆ ಬೆನ್ನು ಹಾಕಿ ನಿಂತಿದ್ದೆ, ಅವರ ಮುಖಗಳು ನಿನಗೆ ಕಾಣಲಿಲ್ಲ. ನಾನು ನೋಡಿದೆ. ಅದಕ್ಕೇ ಬರೆಯುತ್ತಿದ್ದೇನೆ, ನೀನು ಇದನ್ನು ತಪ್ಪಿಸಿಕೊಳ್ಳಬಾರದು.

ಸೀಟಿ ಸಾರ್ ನಿನ್ನ ಹೆಗಲ ಮೇಲೆ ಕೈ ಹಾಕಿಕೊಂಡು ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಲರಿಗೆ ಮೈಕು ಸಿಕ್ಕಿಸಿಕೊಂಡು ಆ ಎರಡು ದಿನಗಳ ಕಥೆಯನ್ನು ಎಷ್ಟು ರಂಗುರಂಗಾಗಿ ಹೇಳಿದರು! ನಿನ್ನ ಕೈಗೆ ಚೆಂಡು ಕೊಟ್ಟು, ‘ಕೈ ಚಾಚೋ ಬಾಣ, ಮಕ್ಕಳಿಗೆ ತೋರ್ಸು’ ಎಂದರು. ಬಾಯಿ ಬಿಡುವುದು ಬೇಡ ಎಂದು ನಾನು ಬರೆದಿದ್ದರೂ ನೀನು ಬಿಟ್ಟೆ. ‘ನೀವೇ ಚಾಚಿಸಿ ಸಾರ್. ಕಲ್ಸಿದ್ದು ನೀವೇ ಅಲ್ವಾ?’

ಅವರು ನಕ್ಕು ನಿನ್ನ ಮಣಿಕಟ್ಟು ಹಿಡಿದು ಎಳೆದರು. ಬರಲಿಲ್ಲ. ಇನ್ನೊಮ್ಮೆ ಎಳೆದರು. ಸಡಿಲ ಬಿಡೋ ಎಂದು ಗದರಿದ್ದು ಮೈಕಿನಲ್ಲಿ ಇಡೀ ಮೈದಾನಕ್ಕೆ ಕೇಳಿತು. ನಿನ್ನ ಉತ್ತರವೂ ಕೇಳಿತು: ‘ಬಿಟ್ಟಿದೀನಿ ಸಾರ್. ಇಷ್ಟೇ ಬರೋದು. ಮೂರನೇ ಮ್ಯಾಚಿಂದ ಇಷ್ಟೇ.’

ಆಮೇಲೆ ನೀನು ಅಂಗಿಯ ತೋಳು ಮೇಲೇರಿಸಿ, ಬೆನ್ನ ಹಿಂದಿನವರಿಗೂ ಕಾಣುವ ಹಾಗೆ ಆ ಹೊಲಿಗೆಯ ಗುರುತು ತೋರಿಸಿದೆಯಲ್ಲ, ಆಗ ಮುಂದಿನ ಸಾಲಿನ ಹೆಂಗಸೊಬ್ಬಳು ಎದ್ದಳು. ಸೀದಾ ಹೋಗಿ ಎಸೆಯುವವರ ಗುಂಪಿನಲ್ಲಿದ್ದ ತನ್ನ ಮಗನ ಮೊಣಕೈ ಹಿಡಿದು ಮಡಚಿ ಬಿಡಿಸಿ ನೋಡತೊಡಗಿದಳು. ಅವಳನ್ನು ನೋಡಿ ಇನ್ನೊಬ್ಬಳು. ಸ್ವಲ್ಪ ಹೊತ್ತಿಗೆ ಅಪ್ಪ ಅಮ್ಮಂದಿರೆಲ್ಲ ತಮ್ಮ ತಮ್ಮ ಮಕ್ಕಳ ಕೈ ಮಡಚಿ ಬಿಡಿಸಿ ನೋಡುತ್ತಿದ್ದರು. ಸೀಟಿ ಸಾರ್ ನಿನ್ನ ಮಣಿಕಟ್ಟು ಹಿಡಿದೇ ನಿಂತಿದ್ದರು. ಬಿಡಬೇಕೆಂದು ಅವರಿಗೆ ತೋಚಲೇ ಇಲ್ಲ, ನೀನೇ ಬಿಡಿಸಿಕೊಂಡೆ.

ಯಜಮಾನರು ಮಾರನೇ ದಿನವೇ ಸೀಟಿ ಸಾರ್‌ಗೆ ಬರಬೇಡಿ ಎಂದರು. ಯಜಮಾನರಿಗೆ ಕರುಣೆ ಉಕ್ಕಿತೆಂದುಕೊಳ್ಳಬೇಡ, ಮಕ್ಕಳನ್ನು ಬಿಡಿಸುತ್ತೇವೆ ಎಂದು ಫೋನುಗಳು ಬಂದವು. ಗುಂಪು ಈಗ ಮಂಡಿ ಮಾಮನ ಕೈಗೆ ಬಂದಿದೆ. ಕೈ ನೋಯುತ್ತಿದೆ ಎಂದು ಯಾವ ಮಗು ಹೇಳಿದರೂ ಶಹಬ್ಬಾಸ್ ಎಂದು ಕೂರಿಸುತ್ತಾನೆ. ಮಗಳು ಮತ್ತೆ ಹೋಗುತ್ತಿದ್ದಾಳೆ.

ನನಗಂತೂ ಹಬ್ಬವಾಗಿದೆ ಅಣ್ಣಾ. ಅಮ್ಮ ಇರಬೇಕಿತ್ತು.

ನಿನ್ನ
ಚಿನಕುರುಳಿ


ಮಾರ್ಚ್ 30

ಪ್ರಿಯ ಬಾಣ,

ನಿನ್ನ ವಿಳಾಸವನ್ನು ಅಕಾಡೆಮಿಯ ಮೇಜಿನಲ್ಲಿ ಕೇಳಿ ಪಡೆದೆ. ಕೊಟ್ಟವಳು ನಿನ್ನ ತಂಗಿ ಎಂದು ಆಮೇಲೆ ತಿಳಿಯಿತು.

ನೀನು ನನ್ನನ್ನು ಒಂದು ಕೋಣೆಯಲ್ಲಿ ಕೂರಿಸಿ ಹೇಳಬಹುದಿತ್ತು. ನಾನು ಕ್ಷಮೆ ಕೇಳುತ್ತಿದ್ದೆ. ನಿನ್ನ ಕೈ ಹೀಗಾದದ್ದು ನನಗೆ ದೇವರಾಣೆ ಗೊತ್ತಿರಲಿಲ್ಲ. ನೀನು ಬರುವುದನ್ನು ನಿಲ್ಲಿಸಿದೆ, ನಿಮ್ಮ ಮನೆಯವರು ಒಂದು ಮಾತೂ ಹೇಳಿ ಕಳಿಸಲಿಲ್ಲ. ವಿಚಾರಿಸಬೇಕಿತ್ತು, ವಿಚಾರಿಸಲಿಲ್ಲ, ಒಪ್ಪುತ್ತೇನೆ. ಆದರೆ ಎಲ್ಲರೆದುರು ಹೀಗೆ ಮಾಡುವಂಥದ್ದು ನಾನೇನು ಮಾಡಿದ್ದೆ? ಮಗನ ಹಾಗೆ ನೋಡಿಕೊಂಡಿದ್ದೆ. ನನಗೆ ಹೇಳಿಕೊಳ್ಳಲು ಇರುವುದು ಆ ಎರಡು ದಿನಗಳು ಮಾತ್ರ. ನಾನು ಸ್ವತಃ ಯಾವ ದೊಡ್ಡ ತಂಡಕ್ಕೂ ಆಡಿದವನಲ್ಲ, ನಿನಗದು ಗೊತ್ತಿದೆ.

ಒಂದು ಸಣ್ಣ ಮೈದಾನದವರು ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳಲು ಒಪ್ಪಿದ್ದಾರೆ. ಸುದ್ದಿ ಅವರ ಕಿವಿಗೂ ಬಿದ್ದಿದೆ. ನಿನ್ನನ್ನು ವಿಚಾರಿಸುತ್ತಾರೆ. ಆಟ ಬಿಟ್ಟ ಮೇಲೆ ಎಲ್ಲೋ ಬಿದ್ದು ಕೈ ಹೀಗಾಯಿತು ಎಂದುಬಿಡು. ಒಂದೇ ಮಾತು. ನನ್ನ ವಯಸ್ಸಿನವನಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ?

ಇಂತು
ನಿನ್ನ ಕೋಚ್


ಏಪ್ರಿಲ್ 6

ಸಾರ್,

ಎಲ್ಲರೆದುರು ಏಕೆ ಎಂದು ಕೇಳಿದ್ದೀರಿ. ಮೂರನೇ ಮ್ಯಾಚಿನಲ್ಲಿ ನಾನು ನಿಮ್ಮೊಬ್ಬರಿಗೇ ಹೇಳಿದ್ದೆ, ನೀವು ಸೀಟಿ ಹೊಡೆದು ಎಲ್ಲರನ್ನೂ ಕರೆದಿರಿ. ಅಮ್ಮ ಬೇಕಂತೆ ಎಂದಿರಿ. ನಿಮಗೆ ನೆನಪಿರಲಾರದು. ಗೆದ್ದದ್ದು ಮಾತ್ರ ನೆನಪಿದೆ.

ಅಮ್ಮ ಬೇಕೇ ಆದಳು ಸಾರ್. ಹತ್ತು ವರ್ಷ ನನ್ನ ಕುತ್ತಿಗೆಯ ಗುಂಡಿ ಅವಳೇ ಹಾಕಿದಳು. ಈಗ ನನ್ನ ಅಂಗಿಗಳಿಗೆ ಆ ಗುಂಡಿಯೇ ಇಲ್ಲ, ಕಿತ್ತುಹಾಕಿದ್ದೇನೆ.

ಆ ಮೈದಾನದವರು ವಿಚಾರಿಸಿದರೆ ಖಂಡಿತ ಉತ್ತರ ಹೇಳುತ್ತೇನೆ.

ಇಂತು
ಗಡಿಯಾರದ ಅಂಗಡಿಯವನು


ಏಪ್ರಿಲ್ 28

ಅಣ್ಣಾ,

ಆ ಮೈದಾನದವರು ನಿನಗೆ ಫೋನ್ ಮಾಡಿದರು, ನೀನು ಫೋನಿನಲ್ಲಿ ಬೇಡ ನಾನೇ ಬರುತ್ತೇನೆ ಎಂದೆಯಂತೆ. ಇಲ್ಲಿ ಕೋಚ್‌ಗಳ ಬಾಯಲ್ಲಿ ಎಲ್ಲ ಸುದ್ದಿಯೂ ಓಡಾಡುತ್ತದೆ.

ಹೋಗಬೇಡ. ಹೌದು, ನಾನೇ ಹೇಳುತ್ತಿದ್ದೇನೆ. ನಗಬೇಡ.

ಹೋದ ವಾರ ಸೀಟಿ ಸಾರ್ ಗೋಡೆಯಿಂದ ತಮ್ಮ ಫೋಟೊ ತೆಗೆದುಕೊಂಡು ಹೋಗಲು ಬಂದಿದ್ದರು. ಇಷ್ಟು ದಿನ ಅದನ್ನು ಇಳಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ತಾವೇ ಕುರ್ಚಿ ಹತ್ತಿದರು. ಕುರ್ಚಿ ಅಲುಗಾಡುತ್ತಿತ್ತು, ನಾನು ಹಿಡಿದುಕೊಳ್ಳಲು ಏಳಲಿಲ್ಲ. ಇಳಿಯುವಾಗ ಗೋಡೆ ತಡವಿಕೊಂಡು ಇಳಿದರು. ನನ್ನ ಮುಖ ನೋಡದೆ, ಮಗಳು ಚೆನ್ನಾಗಿ ಎಸೆಯುತ್ತಾಳೆ, ಅವಸರ ಮಾಡಿಸಬೇಡಿ ಎಂದು ಹೇಳಿ ಹೋದರು. ಅಷ್ಟು ಹೊತ್ತೂ ನನಗೆ ಖುಷಿಯಾಗಿಯೇ ಇತ್ತು. ಮನೆಗೆ ಹೋದ ಮೇಲೆ ಊಟ ಸೇರಲಿಲ್ಲ.

ಆ ಸಣ್ಣ ಮೈದಾನದಲ್ಲಿ ಎಸೆಯುವುದನ್ನು ಕಲಿಸುವುದೇ ಇಲ್ಲವಂತೆ, ಮಂಡಿ ಮಾಮ ವಿಚಾರಿಸಿಕೊಂಡು ಬಂದ. ಪುಟ್ಟ ಮಕ್ಕಳನ್ನು ಓಡಿಸುವುದು, ಹುಲ್ಲು ಕತ್ತರಿಸುವುದು, ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವುದು. ಅಲ್ಲಿ ಅವರಿಂದ ಯಾರ ಕೈಯೂ ಹಾಳಾಗುವುದಿಲ್ಲ. ನಮಗೆ ಬೇಕಾದದ್ದು ಅಷ್ಟೇ ತಾನೆ? ಮುಯ್ಯಿ ತೀರಿತು. ಸಾಕು ಮಾಡೋಣ.

ನಿನ್ನ
ಚಿನಕುರುಳಿ


ಮೇ 11

ಚಿನಕುರುಳಿಗೆ,

ನಿನ್ನ ಕಾಗದ ತಲುಪಿತ್ತು. ಓದಿಯೇ ಹೋದೆ.

ತಂತಿಬೇಲಿಯ ಒಂದು ಮೈದಾನ, ಮೂಲೆಯಲ್ಲಿ ತಗಡಿನ ಕೋಣೆ. ಸಾರ್ ದೂರದಲ್ಲಿ ಸುಣ್ಣದ ಗಾಡಿ ತಳ್ಳಿಕೊಂಡು ಗೆರೆ ಎಳೆಯುತ್ತಿದ್ದರು. ನನ್ನನ್ನು ನೋಡಿ ಗಾಡಿ ನಿಲ್ಲಿಸಿದರು, ಹತ್ತಿರ ಬರಲಿಲ್ಲ. ಮೈದಾನದ ಮೇಲ್ವಿಚಾರಕಿ ಸ್ಟೂಲು ಕೊಟ್ಟು ಕೂರಿಸಿದಳು. ಒಳ್ಳೆಯ ಹೆಂಗಸು. ಏಣಿಯಿಂದ ಬಿದ್ದು ನಿಮ್ಮ ಕೈ ಹೀಗಾಯಿತಂತೆ, ಹೌದಾ ಎಂದು ಕೇಳಿದಳು. ಸಾರ್ ಮೊದಲೇ ಹಾಗೆಂದು ಹೇಳಿಟ್ಟಿದ್ದರು. ನಾನು ಒಮ್ಮೆ ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು. ಅವಳಿಗೂ ಅದೇ ಬೇಕಿತ್ತು.

ನಾನು ಹೇಳಿದೆ: ‘ಅವರನ್ನೇ ಕೇಳಿ. ಎಲ್ಲರ ಮುಂದೆ ಹೇಳ್ಲಿ.’

ಮಕ್ಕಳನ್ನು ಬಿಡಲು ಬಂದಿದ್ದ ಆರೇಳು ಜನ ಕೋಣೆಯ ಮುಂದೆ ಇದ್ದರು. ಸಾರ್ ಬಂದು ನಿಂತರು, ಕೈಯೆಲ್ಲ ಸುಣ್ಣ. ಏಣಿ ಎನ್ನಲು ಬಾಯಿ ತೆರೆದರು, ನನ್ನ ಮೊಣಕೈ ನೋಡಿದರು, ಆಗಲಿಲ್ಲ. ‘ನಾನೇ ಮಾಡಿದ್ದು. ಅವ್ನು ನೋವು ಅಂದ. ನಾನು ಹುಡುಗ್ರನ್ನ ಕರೆದು ನಗಿಸ್ದೆ’ ಎಂದರು. ಅವರಿಗೆ ನೆನಪಿದೆ ಕಣೇ. ಹುಡುಗರು ನಕ್ಕದ್ದನ್ನು ನಾನು ಅವರಿಗೆ ಬರೆದೇ ಇರಲಿಲ್ಲ. ಮೊದಲಿನಿಂದಲೂ ನೆನಪಿತ್ತು.

ನನಗೆ ಬೇಕಾದದ್ದು ಆ ಮಾತು ಎಂದುಕೊಂಡಿದ್ದೆ. ಅವರು ಹೇಳಿದರೆ ಅಲ್ಲಿಗೆ ಮುಗಿಯುತ್ತದೆ, ಎದ್ದು ಬಂದುಬಿಡುತ್ತೇನೆ ಎಂದುಕೊಂಡಿದ್ದೆ. ಮೇಲ್ವಿಚಾರಕಿ ನನ್ನ ಮುಖ ನೋಡಿ, ಈಗಲೂ ಇವರನ್ನು ಇಟ್ಟುಕೊಳ್ಳಬಹುದಾ, ನೀವು ಬೇಡ ಅಂದರೆ ಬೇಡ ಎಂದಳು. ಸಾರ್ ತಲೆ ತಗ್ಗಿಸಿ ನಿಂತಿದ್ದರು. ಆಗ ನಿನ್ನ ಕಾಗದ ನನ್ನ ಜೇಬಿನಲ್ಲೇ ಇತ್ತು. ನಾನು ಬೇಡ ಎಂದೆ.

ನೀನು ಬೈಯುತ್ತೀಯ, ಬೈ. ಮುಯ್ಯಿ ತೀರಿತು ಎಂದು ನೀನು ಹೇಳಬಹುದು, ನಿನ್ನ ಮಗಳು ಚೆನ್ನಾಗಿದ್ದಾಳೆ. ನಾನಂತೂ ಆ ರಾತ್ರಿ ಮನೆಗೆ ಬಂದು ಹೊಟ್ಟೆ ತುಂಬ ಉಂಡು ಮಲಗಿದೆ, ಬೆಳಕು ಹರಿಯುವ ತನಕ ಎಚ್ಚರವಾಗಲಿಲ್ಲ. ಹದಿನೈದನೇ ವಯಸ್ಸಿನಿಂದ ಹಾಗೆ ಮಲಗಿರಲಿಲ್ಲ.

ಅವರು ಇನ್ನೆಲ್ಲಾದರೂ ಕೆಲಸಕ್ಕೆ ಸೇರಿದರೆಂದು ಕಿವಿಗೆ ಬಿದ್ದರೆ ತಕ್ಷಣ ತಿಳಿಸು. ಭಾನುವಾರ ಅಂಗಡಿಗೆ ರಜೆ.

ನಿನ್ನ
ಅಣ್ಣ